ಹಳ್ಳಿಯ ಅಹವಾಲು ಮತ್ತು ಲೋಕಸಭೆ

ಕನಕಪುರ ಸೀಮೆಯ ಯಾವ ಊರಿನ ಅರಳಿಕಟ್ಟೆಯ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳುವುದುಂಟು: “ಓಟು ಕೊಟ್ಟು ದಿಲ್ಲಿಗೆ ಕಳಿಸಿದ್ವಿ. ಅಲ್ಲಿ ನಮ್ಮೂರ ಮಾತು ಆಡ್ತಾರೋ ಇಲ್ಲವೋ ಯಾರಿಗೆ ಗೊತ್ತು?” ಈ ಮಾತಿನಲ್ಲಿ ದೂರು ಇದೆ, ತಿಳಿವಳಿಕೆಯ ಕೊರತೆಯೂ ಇದೆ. ಲೋಕಸಭೆಯ ಸದಸ್ಯರು ತಮ್ಮ ಕ್ಷೇತ್ರದ ಕಷ್ಟವನ್ನು ಯಾವ ದಾರಿಗಳಿಂದ ಸದನದ ಮುಂದಿಡಬಹುದು, ಆ ದಾರಿಗಳು ಎಲ್ಲಿಯವರೆಗೆ ಒಯ್ಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದು ಗೊತ್ತಿದ್ದರೆ ಮಾತ್ರ ನಾವು ಅವರಿಂದ ನ್ಯಾಯವಾಗಿ ಲೆಕ್ಕ ಕೇಳಬಹುದು. ನಮ್ಮದೇ ಸೀಮೆಯ ಉದಾಹರಣೆಗಳ ಮೂಲಕ ಈ ವಿಷಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ನಮ್ಮ ಕ್ಷೇತ್ರ

೧೯೬೭ರ ಚುನಾವಣೆಯಿಂದ ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಕನಕಪುರ ಎಂಬ ಹೆಸರಿನದೇ ಲೋಕಸಭಾ ಕ್ಷೇತ್ರವಿತ್ತು. ೧೯೬೭ರಲ್ಲಿ ಇಲ್ಲಿಂದ ಆರಿಸಿ ಹೋದವರು ಆಗ ಇದೇ ತಾಲ್ಲೂಕಿಗೆ ಸೇರಿದ್ದ ಮರಳವಾಡಿಯ ಎಂ. ವಿ. ರಾಜಶೇಖರನ್ ಅವರು. ೧೯೭೧ರಲ್ಲಿ ಸಿ. ಕೆ. ಜಾಫರ್ ಷರೀಫ್ ಅವರು ಗೆದ್ದರು. ಅನಂತರ ಎಂ. ವಿ. ಚಂದ್ರಶೇಖರಮೂರ್ತಿ ಅವರು ಹಲವು ಬಾರಿ ಆರಿಸಿ ಬಂದರು. ೧೯೯೬ರಲ್ಲಿ ಎಚ್. ಡಿ. ಕುಮಾರಸ್ವಾಮಿ, ೨೦೦೨ರ ಉಪಚುನಾವಣೆಯಲ್ಲಿ ಎಚ್. ಡಿ. ದೇವೇಗೌಡ, ೨೦೦೪ರಲ್ಲಿ ತೇಜಸ್ವಿನಿ ಅವರು ಈ ಕ್ಷೇತ್ರದ ಪ್ರತಿನಿಧಿಗಳಾದರು.

೨೦೦೯ರ ಚುನಾವಣೆಯಿಂದೀಚೆಗೆ ಕನಕಪುರವು ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. ಹೆಸರು ಗ್ರಾಮಾಂತರವೆಂದಿದ್ದರೂ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣಗಳಂಥ ಪೇಟೆಯ ಭಾಗಗಳು ಅದರಲ್ಲಿ ಸೇರಿವೆ. ಬಡಾವಣೆಯ ಚರಂಡಿಯ ಮಾತನ್ನೂ ಕಾಡಂಚಿನ ರಾಗಿ ಹೊಲದ ಮಾತನ್ನೂ ಒಬ್ಬರೇ ಸದಸ್ಯರು ಹೊರಬೇಕಾಗಿದೆ. ಆದ್ದರಿಂದ ಹಳ್ಳಿಯವರು ತಮ್ಮ ಮಾತನ್ನು ಮೊದಲಿಗಿಂತ ಸ್ಪಷ್ಟವಾಗಿ ಹೇಳಬೇಕಾದ ಕಾಲ ಇದು.

೨. ಭಾಷೆಯ ಬಾಗಿಲು

ಸಂವಿಧಾನದ ೧೨೦ನೆಯ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯುತ್ತದೆ. ಈ ಎರಡರಲ್ಲೂ ಸರಿಯಾಗಿ ಮಾತನಾಡಲಾರದ ಸದಸ್ಯರು ಅಧ್ಯಕ್ಷರ ಅನುಮತಿಯಿಂದ ಮಾತೃಭಾಷೆಯಲ್ಲಿ ಮಾತನಾಡಬಹುದು. ಈ ಬಾಗಿಲನ್ನು ಕನ್ನಡಕ್ಕಾಗಿ ಮೊದಲು ತಟ್ಟಿದವರು ಜೆ. ಎಚ್. ಪಟೇಲ್ ಅವರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಅವರು ೧೯೬೭ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲ ಸದಸ್ಯರೆನಿಸಿದರು. ಹಳ್ಳಿಯ ಕಷ್ಟವನ್ನು ಹಳ್ಳಿಯ ಭಾಷೆಯಲ್ಲೇ ಹೇಳಬಹುದೆಂಬ ಧೈರ್ಯ ಅಲ್ಲಿಂದ ಬಂತು. ಈಗ ಕನ್ನಡದ ಭಾಷಣವನ್ನು ಆಗಿಂದಾಗಲೇ ಅನುವಾದಿಸಿ ಹೇಳುವ ಏರ್ಪಾಡು ಸದನದಲ್ಲಿದೆ. ಭಾಷೆ ಬಾರದೆಂಬುದು ಇಂದು ಮೌನಕ್ಕೆ ಕಾರಣವಾಗಲಾರದು.

೩. ಯಾವ ಮಾತು ಎಲ್ಲಿ?

ಎಲ್ಲ ಅಹವಾಲುಗಳೂ ಲೋಕಸಭೆಗೆ ಸೇರಿದವಲ್ಲ. ಊರಿನ ಕೆರೆಯ ಹೂಳು, ಆಸ್ಪತ್ರೆಯ ವೈದ್ಯರು, ಪೊಲೀಸು ಠಾಣೆ ಇವು ರಾಜ್ಯದ ಪಟ್ಟಿಯ ವಿಷಯಗಳು. ಇವುಗಳಿಗೆ ವಿಧಾನಸಭೆಯೇ ಸರಿಯಾದ ಸ್ಥಳ. ರೈಲು, ರಾಷ್ಟ್ರೀಯ ಹೆದ್ದಾರಿ, ಆಮದು ಸುಂಕ, ಅಂತರರಾಜ್ಯ ನದಿಗಳ ನಿಯಂತ್ರಣ ಇವು ಕೇಂದ್ರದ ವಿಷಯಗಳು. ಕಾಡು ಮತ್ತು ಕಾಡುಪ್ರಾಣಿಗಳ ರಕ್ಷಣೆ ೧೯೭೬ರ ೪೨ನೆಯ ತಿದ್ದುಪಡಿಯಿಂದ ಎರಡೂ ಕಡೆಗೆ ಸೇರಿದ ಸಮವರ್ತಿ ಪಟ್ಟಿಗೆ ಬಂದವು. ಹೀಗಾಗಿ ಬನ್ನೇರುಘಟ್ಟ ಮತ್ತು ಕಾವೇರಿ ವನ್ಯಧಾಮಗಳ ಅಂಚಿನ ಹೊಲಗಳಿಗೆ ಇಳಿಯುವ ಆನೆಯ ಮಾತನ್ನು ಬೆಂಗಳೂರಿನಲ್ಲಿಯೂ ಆಡಬಹುದು, ದಿಲ್ಲಿಯಲ್ಲಿಯೂ ಆಡಬಹುದು. ತಪ್ಪು ಬಾಗಿಲು ತಟ್ಟಿದ ಅರ್ಜಿಗೆ “ಇದು ರಾಜ್ಯದ ವಿಷಯ” ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ರೈತನಿಗೆ ವರ್ಷವೊಂದು ಕಳೆದುಹೋಗಿರುತ್ತದೆ.

೪. ಸದಸ್ಯರ ಕೈಯಲ್ಲಿರುವ ಸಾಧನಗಳು

ಮೊದಲನೆಯದು ಪ್ರಶ್ನೆ. ಸದನದ ದಿನದ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಕನಿಷ್ಠ ೧೫ ದಿನ ಮುಂಚಿತವಾಗಿ ಸೂಚನೆ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ದಿನಕ್ಕೆ ಇಂಥವು ೨೦ ಮಾತ್ರ. ಚುಕ್ಕೆಯಿಲ್ಲದ ೨೩೦ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯುತ್ತದೆ.

ಎರಡನೆಯದು ೩೭೭ನೆಯ ನಿಯಮ. ಇದರಡಿಯಲ್ಲಿ ಸದಸ್ಯರು ತಮ್ಮ ಕ್ಷೇತ್ರದ ಒಂದು ವಿಷಯವನ್ನು ಸುಮಾರು ೨೫೦ ಪದಗಳಲ್ಲಿ ಬರೆದು ಮಂಡಿಸಬಹುದು. ಮೂರನೆಯದು ಶೂನ್ಯವೇಳೆ. ನಿಯಮ ಪುಸ್ತಕದಲ್ಲಿ ಇದರ ಹೆಸರೇ ಇಲ್ಲ; ರೂಢಿಯಿಂದ ಬೆಳೆದುಬಂದದ್ದು. ತುರ್ತಿನ ಮಾತಿಗೆ ಇದು ಅನುಕೂಲ, ಆದರೆ ಮಂತ್ರಿಗಳು ಉತ್ತರಿಸಲೇಬೇಕೆಂಬ ಕಟ್ಟಿಲ್ಲ.

ನಾಲ್ಕನೆಯದು ಆಯವ್ಯಯದ ಬೇಡಿಕೆಗಳ ಮೇಲೆ ತರುವ ಕಡಿತ ಸೂಚನೆ. ಯಾವುದಾದರೊಂದು ಇಲಾಖೆ ಕೇಳಿದ ಮೊತ್ತದಲ್ಲಿ ೧೦೦ ರೂಪಾಯಿ ಕಡಿಮೆ ಮಾಡಬೇಕೆಂದು ಸೂಚಿಸಿ, ಆ ನೆಪದಲ್ಲಿ ಕ್ಷೇತ್ರದ ಒಂದು ಕುಂದುಕೊರತೆಯನ್ನು ಎತ್ತುವ ಕ್ರಮ ಇದೆ. ಕೋಟಿಗಟ್ಟಲೆ ಹಣದ ಮುಂದೆ ನೂರು ರೂಪಾಯಿ ಏನೂ ಅಲ್ಲ; ಆದರೆ ಹಳ್ಳಿಯೊಂದರ ದುಃಖಕ್ಕೆ ಅಲ್ಲಿ ಜಾಗ ಸಿಗುತ್ತದೆ.

ಐದನೆಯದನ್ನು ಬಹಳ ಜನ ಅರಿಯರು. ಮಂತ್ರಿಗಳು ಸದನದಲ್ಲಿ “ಪರಿಶೀಲಿಸುತ್ತೇವೆ” ಎಂದು ಮಾತು ಕೊಟ್ಟರೆ, ಅದನ್ನು ನಡೆಸಿದರೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೊಂದಿದೆ. ೧೯೫೩ರಿಂದಲೂ ಈ ಸಮಿತಿ ಇದೆ. ಕೇಳುವುದು ಅರ್ಧ ಕೆಲಸ. ಕೊಟ್ಟ ಮಾತಿನ ಬೆನ್ನು ಹತ್ತುವುದು ಉಳಿದರ್ಧ.

೫. ರೇಷ್ಮೆಯ ಪಾಠ

ನಮ್ಮ ಸೀಮೆಯ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ, ಗೂಡು ಇವು ದಿನದ ಮಾತು. ಗೂಡನ್ನು ಕೊಂಡೊಯ್ಯುವುದು ರಾಮನಗರದ ಮಾರುಕಟ್ಟೆಗೆ. ಅಲ್ಲಿ ಹರಾಜಿನಲ್ಲಿ ಕೂಗುವ ಬೆಲೆಗೂ ದಿಲ್ಲಿಯ ಆಯವ್ಯಯಕ್ಕೂ ನೇರವಾದ ಸಂಬಂಧವಿದೆ. ೨೦೧೧-೧೨ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. ೩೦ರಿಂದ ಶೇ. ೫ಕ್ಕೆ ಇಳಿಸಲಾಯಿತು. ಚೀನಾದ ನೂಲು ಅಗ್ಗವಾದರೆ ನೇಕಾರರು ಅದನ್ನು ಕೊಳ್ಳುತ್ತಾರೆ; ಇಲ್ಲಿನ ನೂಲಿಗೆ ಬೇಡಿಕೆ ತಗ್ಗುತ್ತದೆ; ನೂಲು ಬಿಚ್ಚುವವರು ಗೂಡಿಗೆ ಕಡಿಮೆ ಬೆಲೆ ಕೂಗುತ್ತಾರೆ; ಕೊನೆಗೆ ಪೆಟ್ಟು ಬೀಳುವುದು ಹುಳು ಸಾಕಿದ ಮನೆಗೆ. ರಾಜ್ಯದ ಬೆಳೆಗಾರರು ಪ್ರತಿಭಟಿಸಿದರು. ೨೦೧೩-೧೪ರ ಆಯವ್ಯಯದಲ್ಲಿ ಸುಂಕವನ್ನು ಶೇ. ೧೫ಕ್ಕೆ ಏರಿಸಲಾಯಿತು.

ಕೇಳಿದ್ದು ಪೂರ್ತಿ ಸಿಗಲಿಲ್ಲ, ಬರಿಗೈಯೂ ಆಗಲಿಲ್ಲ. ಇದಕ್ಕೆ ಕಾರಣ ಸದನದ ಸ್ವರೂಪದಲ್ಲಿಯೇ ಇದೆ. ಬೆಳೆಗಾರರ ಪ್ರತಿನಿಧಿ ಇರುವ ಮನೆಯಲ್ಲಿ ಅಗ್ಗದ ನೂಲು ಬೇಕೆನ್ನುವ ವಾರಾಣಸಿ, ಕಾಂಚೀಪುರದ ನೇಕಾರರ ಪ್ರತಿನಿಧಿಗಳೂ ಇರುತ್ತಾರೆ. ಅವರ ಬಡತನವೂ ನಿಜವೇ. ಆದ್ದರಿಂದ ಎಕರೆಗೆ ಎಷ್ಟು ಖರ್ಚು, ಕಿಲೋ ಗೂಡಿಗೆ ಎಷ್ಟು ಬಂತು ಎಂಬ ಲೆಕ್ಕ ಹಿಡಿದು ಮಾತನಾಡುವ ಸದಸ್ಯರಿಗೆ ಬೆಲೆ. ೧೯೪೮ರ ಕಾಯಿದೆಯಿಂದ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಲಿಗೆ ಲೋಕಸಭೆಯಿಂದ ನಾಲ್ವರನ್ನು ಚುನಾಯಿಸುವ ಏರ್ಪಾಡು ಇದೆ. ಆ ಸ್ಥಾನಗಳ ಮೇಲೆ ರೇಷ್ಮೆ ಸೀಮೆಯವರ ಕಣ್ಣಿರಬೇಕು.

ಮೇಕೆದಾಟಿನ ಮಾತೂ ಇಂಥದೇ. ಅಣೆಕಟ್ಟು ಬೇಕೆನ್ನುವ ನಮ್ಮ ದನಿಯ ಎದುರಿಗೆ ಅದೇ ಸದನದಲ್ಲಿ ಕೆಳದಂಡೆಯ ತಮಿಳು ರೈತರ ದನಿಯೂ ಏಳುತ್ತದೆ. ಅಲ್ಲಿ ಗಂಟಲಿನ ಬಲಕ್ಕಿಂತ ನೀರಿನ ಲೆಕ್ಕ ಹೆಚ್ಚು ದೂರ ಹೋಗುತ್ತದೆ.

೬. ಬಾರದ ರೈಲು

ಇನ್ನು ರೈಲಿನ ಕಥೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರಕ್ಕೆ ಸುಮಾರು ೧೪೨ ಕಿಲೋಮೀಟರಿನ ಹೊಸ ಮಾರ್ಗಕ್ಕೆ ೧೯೯೬-೯೭ರಲ್ಲಿ ಮಂಜೂರಾತಿ ದೊರೆಯಿತು. ೧೯೯೬ರ ಜೂನ್‌ನಲ್ಲಿ ಪ್ರಧಾನಮಂತ್ರಿಗಳಾದವರು, ಅದಕ್ಕೆ ಮೊದಲು ರಾಮನಗರದ ಶಾಸಕರಾಗಿದ್ದ ದೇವೇಗೌಡರು. ಕನಕಪುರದ ಲೋಕಸಭಾ ಸದಸ್ಯರು ಅವರ ಮಗ. ಅದಕ್ಕೂ ಹಿಂದೆ, ೧೯೯೧ರಿಂದ ೧೯೯೫ರವರೆಗೆ, ರೈಲ್ವೆ ಮಂತ್ರಿಗಳಾಗಿದ್ದವರು ಒಮ್ಮೆ ಕನಕಪುರವನ್ನೇ ಪ್ರತಿನಿಧಿಸಿದ್ದ ಜಾಫರ್ ಷರೀಫ್ ಅವರು. ಇಷ್ಟೆಲ್ಲ ಇದ್ದೂ ಕನಕಪುರಕ್ಕೆ ಇಂದಿಗೂ ರೈಲು ಬಂದಿಲ್ಲ. ಪೇಟೆಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರು ಬಸ್ಸಿನಲ್ಲೇ ನಿಂತು ಹೋಗುತ್ತಿದ್ದಾರೆ.

ಇದರಿಂದ ಕಲಿಯಬೇಕಾದದ್ದೇನು? ಮಂಜೂರಾತಿ ಬೇರೆ, ಅನುದಾನ ಬೇರೆ. ಮಂಜೂರಾತಿ ಒಂದು ಸಲ ಆಗುವಂಥದು. ಅನುದಾನವನ್ನು ಪ್ರತಿ ವರ್ಷದ ಬೇಡಿಕೆಯಲ್ಲಿ ಹೊಸದಾಗಿ ಕೇಳಬೇಕು. ಭೂಮಿಯನ್ನು ಸ್ವಾಧೀನಪಡಿಸಿ ಕೊಡಬೇಕಾದದ್ದು ರಾಜ್ಯ ಸರ್ಕಾರ. ಮಂಜೂರಾದ ದಿನ ಹಾರ ಹಾಕಿ ಸುಮ್ಮನಾದ ಊರಿಗೆ ಹಳಿ ಬರುವುದಿಲ್ಲ. ದೊಡ್ಡ ಮನುಷ್ಯರ ಅಧಿಕಾರಕ್ಕಿಂತ, ವರ್ಷ ವರ್ಷವೂ ಬಿಡದೆ ಕೇಳುವ ರೂಢಿ ಹೆಚ್ಚು ಉಪಯೋಗದ್ದು.

೭. ನಮ್ಮ ಪಾಲು

ಸದಸ್ಯರು ಸದನದಲ್ಲಿ ಆಡುವ ಮಾತು ಕೊನೆಗೆ ಹಳ್ಳಿಯಿಂದಲೇ ಹೋಗಬೇಕು. ಇಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ಆನೆ ತುಳಿದ ಹೊಲದ ಸರ್ವೆ ನಂಬರು, ದಿನಾಂಕ, ಪರಿಹಾರದ ಅರ್ಜಿ ಕೊಟ್ಟ ದಿನ ಇವನ್ನು ನಮ್ಮ ತಂದೆಯವರಾಗಲಿ ದೊಡ್ಡಪ್ಪನವರಾಗಲಿ ಬರೆದಿಡದಿರಬಹುದು, ನಾವು ಬರೆದಿಡಬಹುದು. ಅಂಥ ಹತ್ತು ಮನೆಗಳ ಲೆಕ್ಕ ಒಂದು ಹಾಳೆಯಲ್ಲಿ ಸೇರಿದರೆ ೩೭೭ನೆಯ ನಿಯಮದ ೨೫೦ ಪದಗಳಿಗೆ ಬೇಕಾದ ಸಾಮಗ್ರಿ ಸಿದ್ಧ. ಲೋಕಸಭೆಯ ಪ್ರಶ್ನೆಗಳೂ ಉತ್ತರಗಳೂ ಇಂದು ಅಂತರ್ಜಾಲದಲ್ಲಿ ಎಲ್ಲರ ಕಣ್ಣಿಗೂ ದೊರೆಯುತ್ತವೆ. ಉತ್ತರ ಬಂದಾಗ ಅದನ್ನು ಓದಿ ಕನ್ನಡದಲ್ಲಿ ಊರಿನವರಿಗೆ ತಿಳಿಸುವುದೂ ಓದಿದವರ ಕರ್ತವ್ಯವೇ.

ಆಗ ಅರಳಿಕಟ್ಟೆಯ ಮಾತೂ ಬೇರೆಯಾದೀತು. “ಅಲ್ಲಿ ಆಡ್ತಾರೋ ಇಲ್ಲವೋ” ಎಂಬ ಅನುಮಾನದ ಬದಲು, “ಕಳೆದ ಅಧಿವೇಶನದಲ್ಲಿ ಮಂತ್ರಿಗಳು ಹೀಗೆಂದರು, ಈ ಅಧಿವೇಶನದಲ್ಲಿ ಅದನ್ನೇ ಮತ್ತೆ ಕೇಳಿ ಸ್ವಾಮಿ” ಎಂದು ನಮ್ಮ ಹಿರಿಯರು ತಮ್ಮ ಪ್ರತಿನಿಧಿಗೆ ಹೇಳುವಂತಾದರೆ, ಪ್ರಜಾಪ್ರಭುತ್ವ ನಮ್ಮ ಊರಿಗೂ ಬಂತೆಂದು ತಿಳಿಯಬಹುದು.