ಒಂದೇ ನೀರು, ಎರಡು ಕೈ

ಸಹಪಾಠಿಗಳೇ, ಈ ಸಲ ಉಷ್ಣದ ಪಾಠದಲ್ಲಿ ಮಾಡಿದ ಒಂದು ಪ್ರಯೋಗದ ಬಗ್ಗೆ ಬರೆಯುತ್ತಿದ್ದೇನೆ. ನಡುವೆ ಒಂದು ಜಗಳವೂ ಬರುತ್ತದೆ. ಅದು ನಿಮಗೆಲ್ಲ ಗೊತ್ತಿರುವುದೇ.

ಮೂರು ಬೋಗುಣಿ ತೆಗೆದುಕೊಳ್ಳಿರಿ. ಒಂದರಲ್ಲಿ ಕೈ ತಡೆಯುವಷ್ಟು ಬಿಸಿನೀರು (ಸುಡಬಾರದು), ಇನ್ನೊಂದರಲ್ಲಿ ಐಸ್ ಹಾಕಿದ ನೀರು, ನಡುವಿನದರಲ್ಲಿ ಬರೀ ನಲ್ಲಿ ನೀರು. ಗುರುಗಳು ನನ್ನ ಗೆಳೆಯನ ಕೈಯನ್ನು ಬಿಸಿನೀರಲ್ಲೂ ನನ್ನ ಕೈಯನ್ನು ಐಸ್ ನೀರಲ್ಲೂ ಸ್ವಲ್ಪ ಹೊತ್ತು ಇಡಿಸಿದರು. ಆಮೇಲೆ ಇಬ್ಬರೂ ನಡುವಿನ ಬೋಗುಣಿಗೆ ಕೈ ಹಾಕಿದೆವು. "ತಣ್ಣಗಿದೆ ಸಾರ್" ಅಂದ ಅವನು. ನನಗೆ ಬೆಚ್ಚಗಿತ್ತು! "ಸುಳ್ಳು ಹೇಳ್ತಾನೆ ಸಾರ್, ಇವನದ್ದು ಯಾವಾಗ್ಲೂ ಇದೇ" ಅಂದುಬಿಟ್ಟೆ.

ಹಾಗನ್ನಲು ಕಾರಣವಿತ್ತು. ಬೆಳಿಗ್ಗೆ ಶಾಲೆಯ ಕೈತೋಟಕ್ಕೆ ನೀರು ಹಾಕುವ ತಂಡಕ್ಕೆ ನಾನು ನಾಯಕ. ಅವನ ಮನೆ ಶಾಲೆಗೆ ಹತ್ತಿರ. ಆದರೂ ಒಂದು ವಾರ ಅವನು ಬರಲೇ ಇಲ್ಲ, ಅವನ ಪಾಲಿನ ಬದನೆ ಸಸಿಗಳು ಒಣಗಿದವು. ನಾನು ಹೆಸರು ಬರೆದುಕೊಟ್ಟೆ. ಅವನು ಎಲ್ಲರೆದುರು ಬೈಸಿಕೊಂಡ.

ಗುರುಗಳು ಥರ್ಮಾಮೀಟರ್ ಇಟ್ಟು ನೋಡಿದರು. 27 ಡಿಗ್ರಿ ಸೆಲ್ಸಿಯಸ್. (ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಪ್ರಯೋಗಶಾಲೆಯದೇ ಬೇಕು.) ನಂತರ ನನ್ನ ಬಲಗೈಯನ್ನು ಬಿಸಿನೀರಲ್ಲೂ ಎಡಗೈಯನ್ನು ಐಸ್ ನೀರಲ್ಲೂ ಇಡಿಸಿ, ಎರಡನ್ನೂ ನಡುವಿನ ನೀರಿಗೆ ಹಾಕಲು ಹೇಳಿದರು. ಬಲಗೈಗೆ ತಣ್ಣಗೆ, ಎಡಗೈಗೆ ಬೆಚ್ಚಗೆ! ಈಗ ಯಾವ ಕೈ ಸುಳ್ಳು ಹೇಳುತ್ತಿದೆ ಅನ್ನಲಿ?

ನಮ್ಮ ಚರ್ಮ ಥರ್ಮಾಮೀಟರ್ ಅಲ್ಲ. ಎಷ್ಟು ಡಿಗ್ರಿ ಎಂದು ಅದಕ್ಕೆ ತಿಳಿಯದು. ತಣ್ಣಗಾದ ಕೈಗೆ ನೀರಿನಿಂದ ಶಾಖ ಬರುತ್ತದೆ, ಬೆಚ್ಚಗಾದ ಕೈಯಿಂದ ನೀರಿಗೆ ಶಾಖ ಹೋಗುತ್ತದೆ. ಚರ್ಮ ತಿಳಿಸುವುದು ಅದನ್ನೇ. ಚಳಿಗಾಲದ ಬೆಳಿಗ್ಗೆ ಬೆಂಚಿಗಿಂತ ಅದರ ಕಬ್ಬಿಣದ ಕಾಲು ತಣ್ಣಗೆ ಕೊರೆಯುತ್ತದಲ್ಲ? ಎರಡರ ಉಷ್ಣತೆಯೂ ಒಂದೇ. ಕಬ್ಬಿಣ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿಯಾಗಿ ತೋರಬಹುದೆಂದು ಇಂಗ್ಲೆಂಡಿನ ಜಾನ್ ಲಾಕ್ ಎಂಬ ತತ್ವಜ್ಞಾನಿ 1690ರ ತನ್ನ ಪುಸ್ತಕದಲ್ಲೇ ಬರೆದಿದ್ದನಂತೆ.

ಆ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಗೆಳೆಯನನ್ನು ಕೇಳಿದೆ, "ಯಾಕೋ ಬೆಳಿಗ್ಗೆ ಬರ್ತಿರ್ಲಿಲ್ಲ?"

"ಹೊಲಕ್ಕೆ ತ್ರೀಫೇಸ್ ಕರೆಂಟು ರಾತ್ರಿ ಕೊಡ್ತಿದ್ರು ಕಣೋ. ಅಪ್ಪಂಗೆ ಸೊಂಟ ನೋವು. ಮೋಟ್ರು ಹಾಕಿ ನೀರು ಕಟ್ಟಿ ಬಂದು ಮಲಗೋ ಹೊತ್ತಿಗೆ ಮೂರು ಗಂಟೆ ಆಗೋದು."

"ಮೊದಲೇ ಹೇಳಬಾರದಿತ್ತಾ?"

"ಊರಿಗೆಲ್ಲ ಗೊತ್ತು, ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ."

ನಮ್ಮದು ಅಂಗಡಿ, ಹೊಲ ಇಲ್ಲ. ಬಲ್ಬು ಉರಿದರೆ ಕರೆಂಟು ಇದೆ ಅಂತಲೇ ನನ್ನ ಲೆಕ್ಕ. ಮನೆ ಹತ್ತಿರವಿದ್ದವನು ಬೇಗ ಬರಬೇಕು ಎಂದು ನಾನು ಎಣಿಸಿದ್ದೆ. ಹೇಳದೆಯೇ ನಾನು ತಿಳಿದುಕೊಳ್ಳಬೇಕು ಎಂದು ಅವನು ಎಣಿಸಿದ್ದ. ಆ ವಾರ ಕೇಳಿದ್ದರೆ ಸರದಿ ಬದಲಾಯಿಸಬಹುದಿತ್ತು.

ಈಗ ಅವನು ಸಂಜೆ ನೀರು ಹಾಕುತ್ತಾನೆ, ಬೆಳಿಗ್ಗೆಯದು ನನ್ನದು. ಹೆಸರು ಬರೆದುಕೊಟ್ಟದ್ದಕ್ಕೆ ಅವನಿಗೆ ಇನ್ನೂ ಸ್ವಲ್ಪ ಸಿಟ್ಟಿದೆ. ನಾಲ್ಕು ಸಸಿ ಮತ್ತೆ ಚಿಗುರಿವೆ.