ಬಿಸಿನೀರಿನ ಲೆಕ್ಕ ಕೇಳುವ ಹಕ್ಕು

ಅಣುವಿದ್ಯುತ್ ಸ್ಥಾವರದ ಮಾತು ಬಂದರೆ ನಮ್ಮ ಸಭೆಗಳಲ್ಲಿ ಚರ್ಚೆ ವಿಕಿರಣದಿಂದ ಶುರುವಾಗಿ ವಿಕಿರಣದಲ್ಲೇ ಮುಗಿಯುತ್ತದೆ. ವಿಕಿರಣ ಸುರಕ್ಷತೆಯನ್ನು ಮುಖ್ಯವಾಗಿ ನೋಡಿಕೊಳ್ಳುವುದು ಅಣುಶಕ್ತಿ ನಿಯಂತ್ರಣ ಮಂಡಳಿ. ಆದರೆ ಊರವರ ಅಹವಾಲು ಕೇಳಿಯೇ ಮುಂದೆ ಹೋಗಬೇಕು ಎಂಬ ನಿಯಮವಿರುವುದು ಪರಿಸರ ಕಾನೂನಿನಲ್ಲಿ. ಅಲ್ಲಿ ಮೀನುಗಾರನೋ ಅಡಿಕೆ ತೋಟದವನೋ ಅಂಕಿ ಹಿಡಿದು ಪ್ರಶ್ನೆ ಕೇಳಬಹುದಾದ ವಿಷಯ ನೀರು: ಸ್ಥಾವರ ಎಷ್ಟು ಎತ್ತುತ್ತದೆ, ಎಷ್ಟು ಬಿಸಿ ಮಾಡಿ ಬಿಡುತ್ತದೆ, ಎಷ್ಟನ್ನು ಆವಿ ಮಾಡುತ್ತದೆ.

ಕಾಳಿ ನದಿಯ ದಡದ ಕೈಗಾವನ್ನೇ ನೋಡಿ. ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ನೀರು ಬರುವುದು ಕದ್ರಾ ಜಲಾಶಯದಿಂದ. 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗಾಗಿ 2018ರ ಡಿಸೆಂಬರ್ 15ರಂದು ಸಾರ್ವಜನಿಕ ಅಹವಾಲು ಸಭೆ ನಡೆಯಿತು, 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ಅನುಮತಿ ಸಿಕ್ಕಿತು. ರಿಯಾಕ್ಟರ್‌ನಲ್ಲಿ ಹುಟ್ಟುವ ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಅಂದರೆ 1,400 ಮೆಗಾವಾಟ್ ವಿದ್ಯುತ್ ತಂತಿಗೆ ಹೋಗುವಾಗ ಅದರ ಎರಡರಷ್ಟು ಶಾಖವನ್ನು ನೀರಿಗೋ ಗಾಳಿಗೋ ಬಿಡಲೇಬೇಕು. ಇದನ್ನು ಯಾವ ತಂತ್ರಜ್ಞಾನವೂ ಪೂರ್ತಿ ತಪ್ಪಿಸಲಾರದು. ಎಲ್ಲಿಗೆ, ಹೇಗೆ ಬಿಡುತ್ತೀರಿ ಎಂಬುದಷ್ಟೇ ಚರ್ಚೆಯ ವಿಷಯ.

ಬಿಡಲು ಎರಡು ದಾರಿಗಳಿವೆ. ಒಂದು, ಭಾರೀ ಪ್ರಮಾಣದಲ್ಲಿ ನೀರೆತ್ತಿ ಕಂಡೆನ್ಸರ್ ಮೂಲಕ ಹಾಯಿಸಿ, ಬಿಸಿಯಾದ ನೀರನ್ನು ಹಾಗೇ ವಾಪಸು ಬಿಡುವುದು. ನೀರು ಬಿಸಿಯಾದಷ್ಟೂ ಅದು ಹಿಡಿದಿಡಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂಗಿಂತ ತುಸು ಹೆಚ್ಚು ಕರಗಿರಬಲ್ಲದು, 35 ಡಿಗ್ರಿಯಲ್ಲಿ ಸುಮಾರು ಏಳಕ್ಕೆ ಇಳಿಯುತ್ತದೆ. ಮೀನಿಗೆ ಉಸಿರಾಟದ ಅಗತ್ಯ ಹೆಚ್ಚುವುದೂ ಅದೇ ಬಿಸಿಯಲ್ಲಿ! ಇದಲ್ಲದೆ ನೀರೆತ್ತುವ ಬಾಯಿಯ ಜಾಲರಿಗೆ ದೊಡ್ಡ ಮೀನುಗಳು ಸಿಕ್ಕಿಬೀಳುತ್ತವೆ, ಮೊಟ್ಟೆ ಮರಿಗಳು ಜಾಲರಿ ದಾಟಿ ಕಂಡೆನ್ಸರ್ ಹೊಕ್ಕು ಸಾಯುತ್ತವೆ.

ಎರಡನೆಯದು ಕೂಲಿಂಗ್ ಟವರ್. ಕೈಗಾದ 5 ಮತ್ತು 6ನೇ ಘಟಕಗಳಿಗೆ ಯೋಜಿಸಿರುವುದು ಇದನ್ನೇ. ‘ಟವರ್ ಹಾಕುತ್ತೇವೆ, ಇನ್ನು ನದಿಗೆ ಬಿಸಿನೀರಿನ ಚಿಂತೆಯಿಲ್ಲ’ ಎಂಬ ಉತ್ತರ ಬಂದಾಗ ಸಭೆ ಸುಮ್ಮನಾಗುವುದುಂಟು. ಆಗಬಾರದು. ಟವರ್ ಎತ್ತುವ ನೀರು ಕಡಿಮೆ ನಿಜ, ಆದರೆ ಎತ್ತಿದ್ದರಲ್ಲಿ ದೊಡ್ಡ ಪಾಲು ಆವಿಯಾಗಿ ಹೋಗುತ್ತದೆ, ನದಿಗೆ ಮರಳುವುದಿಲ್ಲ. ಉಳಿದ ನೀರಿನಲ್ಲಿ ಲವಣ ಮಂದವಾಗುತ್ತಾ ಬರುವುದರಿಂದ ಅದನ್ನು ಆಗಾಗ ಹೊರಬಿಡಬೇಕು. ಪಾಚಿ ಕಟ್ಟದಂತೆ ಹಾಕಿದ ಕ್ಲೋರಿನ್ ಕೂಡ ಅದರ ಜತೆಗೇ ಬರುತ್ತದೆ. ಹೀಗಾಗಿ ಟವರ್ ಇದ್ದಲ್ಲಿ ಪ್ರಶ್ನೆ ಇಲ್ಲದಾಗುವುದಿಲ್ಲ, ಬೇರೆಯಾಗುತ್ತದೆ.

ಈ ಪ್ರಶ್ನೆಗಳಿಗೆ ಕಾನೂನಿನಲ್ಲಿ ಅಳತೆಗೋಲುಗಳಿವೆ. 1986ರ ಪರಿಸರ ಸಂರಕ್ಷಣಾ ನಿಯಮಗಳಡಿ ಥರ್ಮಲ್ ವಿದ್ಯುತ್ ಸ್ಥಾವರಗಳಿಗೆ ಹಾಕಿದ ಮಾನದಂಡದಂತೆ, 1999ರ ಜೂನ್ 1ರ ನಂತರ ಕಾರ್ಯಾರಂಭ ಮಾಡುವ, ನದಿ, ಕೆರೆ, ಜಲಾಶಯದ ನೀರು ಬಳಸುವ ಹೊಸ ಸ್ಥಾವರಕ್ಕೆ ಕೂಲಿಂಗ್ ಟವರ್ ಕಡ್ಡಾಯ. ಸಮುದ್ರದ ನೀರು ಬಳಸುವುದಾದರೆ, ನೀರು ಬಿಡುವ ಜಾಗದಲ್ಲಿ ಸಮುದ್ರದ ಸಹಜ ಉಷ್ಣತೆಗಿಂತ 7 ಡಿಗ್ರಿ ಮೀರಿ ಏರಿಕೆ ಆಗಬಾರದು. ಟವರಿನಿಂದ ಹೊರಬಿಡುವ ನೀರಿನಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಮೀರಬಾರದು. ಅಣುಸ್ಥಾವರದ ಪರಿಸರ ಅನುಮತಿಯಲ್ಲಿ ಯಾವ ಮಿತಿ ಬರೆದಿದ್ದಾರೆ ಎಂಬುದನ್ನು ಇವುಗಳ ಪಕ್ಕದಲ್ಲಿಟ್ಟು ಓದಬೇಕು. ಕೂಡಂಕುಳಂ ಅಣುಸ್ಥಾವರದ ವ್ಯಾಜ್ಯದಲ್ಲೂ ಸಮುದ್ರಕ್ಕೆ ಬಿಡುವ ಬಿಸಿನೀರು ವಾದದ ಒಂದು ಭಾಗವಾಗಿತ್ತು. 2013ರ ಮೇ 6ರಂದು ಸುಪ್ರೀಂ ಕೋರ್ಟ್ ಸ್ಥಾವರಕ್ಕೆ ಹಾದಿ ಬಿಟ್ಟುಕೊಟ್ಟಿತಾದರೂ 15 ನಿರ್ದೇಶನಗಳನ್ನೂ ಕೊಟ್ಟಿತು.

ಈಗ ಪ್ರಕ್ರಿಯೆಗೆ ಬರೋಣ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಲ್ಲಿ ಎಲ್ಲ ಅಣುವಿದ್ಯುತ್ ಯೋಜನೆಗಳೂ ‘ಎ’ ವರ್ಗಕ್ಕೆ ಸೇರುತ್ತವೆ. ತೀರ್ಮಾನ ದೆಹಲಿಯದು. ಮೊದಲ ಮುಖ್ಯ ಹಂತ, ವರದಿಯಲ್ಲಿ ಏನೇನು ಅಧ್ಯಯನ ಮಾಡಬೇಕು ಎಂದು ತಜ್ಞರ ಸಮಿತಿ ಗೊತ್ತುಪಡಿಸುವುದು. ಇದನ್ನು ಟಿಒಆರ್ ಎನ್ನುತ್ತಾರೆ. ನನ್ನ ಮಟ್ಟಿಗೆ ಜನ ಸೋಲುವುದು ಇಲ್ಲಿಯೇ. ಈ ಹಂತದಲ್ಲಿ ಸಾರ್ವಜನಿಕರಿಗೆ ವಿಧಿವತ್ತಾದ ಪಾತ್ರ ಕೊಟ್ಟಿಲ್ಲ, ಹಾಗಾಗಿ ಯಾರೂ ಆ ಕಡೆ ನೋಡುವುದಿಲ್ಲ. ಆದರೆ ಅರ್ಜಿ, ಸಮಿತಿಯ ನಡಾವಳಿ, ಟಿಒಆರ್ ಎಲ್ಲವೂ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತವೆ, ಸಮಿತಿಗೆ ಪತ್ರ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ‘ಏಪ್ರಿಲ್–ಮೇ ತಿಂಗಳಲ್ಲಿ ಜಲಾಶಯದ ಮಟ್ಟ ಕನಿಷ್ಠವಿದ್ದಾಗ ಉಷ್ಣತೆ ಎಷ್ಟು ಏರುತ್ತದೆಂದು ಅಧ್ಯಯನ ಮಾಡಿಸಿ’ ಎಂಬ ಒಂದು ವಾಕ್ಯ ಟಿಒಆರ್‌ಗೆ ಸೇರಿದರೆ, ಅದು ಆಮೇಲೆ ಸಭೆಯಲ್ಲಿ ಹಾಕುವ ನೂರು ಘೋಷಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕರಡು ವರದಿ ಸಿದ್ಧವಾದ ಮೇಲೆ ಅಹವಾಲು ಸಭೆ. ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಮೇಲ್ವಿಚಾರಣೆ ಜಿಲ್ಲಾಧಿಕಾರಿಯವರದು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯದು. ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 30 ದಿನ ಬಿಡಬೇಕು. ಆ ಅವಧಿಯಲ್ಲಿ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮೊದಲಾದ ಕಡೆ ಓದಲು ಸಿಗಬೇಕು. ಕನ್ನಡದಲ್ಲಿ ಕೊಡಬೇಕಾದ್ದು ಸಾರಾಂಶ ಮಾತ್ರ. ನೂರಾರು ಪುಟಗಳ ಮೂಲ ಇಂಗ್ಲಿಷಿನಲ್ಲಿರುತ್ತದೆ, ಉಷ್ಣತೆಯ ಕೋಷ್ಟಕಗಳೆಲ್ಲ ಅದರ ಅನುಬಂಧದಲ್ಲಿ ಹೂತಿರುತ್ತವೆ. ಊರಿನ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರನ್ನು ಹಿಡಿದು ನೀರಿನ ಅಧ್ಯಾಯವನ್ನಷ್ಟಾದರೂ ಓದಿಸಿ.

ಓದುವಾಗ ಹುಡುಕಬೇಕಾದ್ದು ಇಷ್ಟು. ನೀರಿನ ಮಾದರಿ ತೆಗೆದದ್ದು ಯಾವ ತಿಂಗಳಲ್ಲಿ? ಮಳೆಗಾಲ ಮುಗಿದೊಡನೆ ತುಂಬಿದ ಜಲಾಶಯದಲ್ಲಿ ಅಳೆದ ಅಂಕಿ ಬೇಸಿಗೆಯ ಕಥೆ ಹೇಳುವುದಿಲ್ಲ. ಲೆಕ್ಕ ಹಾಕಿದ್ದು ಹೊಸ ಘಟಕಗಳಿಗೆ ಮಾತ್ರವೋ, ಹಳೆಯವನ್ನೂ ಸೇರಿಸಿಯೋ? ಸ್ಥಾವರದ ಶಾಖ ಹೊಳೆಗೆ ಒಟ್ಟಾಗಿಯೇ ಬೀಳುತ್ತದೆ, ಘಟಕದ ನಂಬರು ನೋಡಿ ಬೇರೆಯಾಗುವುದಿಲ್ಲ. ಕದ್ರಾದಂಥ ಕಡೆ ಇನ್ನೊಂದು ಸಂಗತಿಯಿದೆ: ಅಲ್ಲಿ ನೀರಿನ ಹರಿವು ಜಲವಿದ್ಯುತ್ ಉತ್ಪಾದನೆಗೆ ತಕ್ಕಂತೆ ಬದಲಾಗುತ್ತದೆ. ಟರ್ಬೈನ್ ನಿಂತು ಹರಿವೇ ಇಲ್ಲದ ಹೊತ್ತಿನಲ್ಲಿ ಬಿಸಿನೀರು ಎಲ್ಲಿ ಸೇರುತ್ತದೆ? ಬರಗಾಲದ ವರ್ಷದಲ್ಲಿ ಕುಡಿಯುವ ನೀರಿಗೆ ಆದ್ಯತೆಯೋ, ಟವರಿಗೋ? ಮೀನು ಮೊಟ್ಟೆಯಿಡುವ ಕಾಲದಲ್ಲಿ ಸಮೀಕ್ಷೆ ಮಾಡಿದ್ದಾರೆಯೇ?

ಸಭೆಗೆ ಹೋಗಲಾರದವರು, ದೂರದ ಊರಲ್ಲಿರುವವರು ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸಭೆಯಲ್ಲಿ ಹಾಜರಿರುವ ಪ್ರತಿಯೊಬ್ಬರಿಗೂ ಮಾಹಿತಿ ಕೇಳುವ ಅವಕಾಶ ಕೊಡಬೇಕು, ಇಡೀ ಕಲಾಪ ವಿಡಿಯೊ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಿ ಅದೇ ದಿನ ಸಹಿ ಹಾಕಬೇಕು. ಊಟದ ಹೊತ್ತಾಯಿತೆಂದು ಎದ್ದು ಹೋಗಬೇಡಿ. ನಿಮ್ಮ ಮಾತು ನಡಾವಳಿಯಲ್ಲಿ ಬಂದಿದೆಯೇ ಎಂದು ಕೇಳಿಯೇ ಏಳಿ.

ಸಿಟ್ಟಿನ ಭರದಲ್ಲಿ ಸಭೆಯನ್ನೇ ನಡೆಯಗೊಡದೆ ಗೆದ್ದೆವೆಂದು ಬೀಗುವವರಿದ್ದಾರೆ. ಅಧಿಸೂಚನೆಯಲ್ಲಿ ಅವರಿಗೊಂದು ಬಲೆಯಿದೆ. ಜನ ಮುಕ್ತವಾಗಿ ಅಭಿಪ್ರಾಯ ಹೇಳುವಂತೆ ಸಭೆ ನಡೆಸಲು ಸ್ಥಳೀಯ ಪರಿಸ್ಥಿತಿ ಬಿಡುತ್ತಿಲ್ಲ ಎಂದು ವರದಿ ಹೋದರೆ, ಸಭೆಯೇ ಬೇಡವೆಂದು ತೀರ್ಮಾನಿಸುವ ಅಧಿಕಾರ ಸಚಿವಾಲಯಕ್ಕಿದೆ. ಸಭೆಗೆ ಕೋರಂ ಎಂಬುದೂ ಇಲ್ಲ. ಹಾಗಾಗಿ ಬಹಿಷ್ಕಾರ ಹಾಕಿದರೂ ಹತ್ತೇ ಜನರ ಸಭೆ ಸಿಂಧುವಾಗುತ್ತದೆ.

ಅಲ್ಲಿಂದ ಕಡತ ತಜ್ಞರ ಸಮಿತಿಗೆ ಹೋಗುತ್ತದೆ. ಅಲ್ಲಿ ಕಂಪನಿಯವರಿಗೆ ವಿವರಣೆ ಕೊಡಲು ಆಹ್ವಾನವಿರುತ್ತದೆ, ನಿಮಗಿರುವುದಿಲ್ಲ. ನಿಮ್ಮ ಪರವಾಗಿ ಅಲ್ಲಿ ಮಾತಾಡುವುದು ಆ ನಡಾವಳಿ ಮತ್ತು ಲಿಖಿತ ಆಕ್ಷೇಪಣೆ ಮಾತ್ರ. ಆಕ್ಷೇಪಣೆಗಳನ್ನು ಸಮಿತಿ ಪರಿಗಣಿಸಿ ಕಾರಣ ಕೊಡಬೇಕು ಎಂದು ದೆಹಲಿ ಹೈಕೋರ್ಟ್ 2009ರ ಉತ್ಕರ್ಷ ಮಂಡಲ ಪ್ರಕರಣದಲ್ಲಿ ಹೇಳಿದೆ. ಅನುಮತಿಗೆ ಅರ್ಜಿ ಹಾಕಿದ ಕಂಪನಿ ಬೇಕೆಂದೇ ಮಾಹಿತಿ ಮುಚ್ಚಿಟ್ಟಿದ್ದರೆ, ಸುಳ್ಳು ಅಂಕಿ ಕೊಟ್ಟಿದ್ದರೆ ಕೊಟ್ಟ ಅನುಮತಿಯನ್ನೂ ರದ್ದುಪಡಿಸಬಹುದು.

ಅನುಮತಿ ಸಿಕ್ಕಿತೆಂದರೆ ಕತೆ ಮುಗಿಯಿತೆಂದಲ್ಲ. ಅಣುಯೋಜನೆಯ ಅನುಮತಿಗೆ 2022ರ ತಿದ್ದುಪಡಿಯ ನಂತರ 15 ವರ್ಷದ ಆಯುಸ್ಸಿದೆ. ಷರತ್ತು ಪಾಲನೆಯ ವರದಿಯನ್ನು ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಅದರಲ್ಲಿ ತಿಂಗಳುವಾರು ಉಷ್ಣತೆಯ ಅಂಕಿ ಕಾಣದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 1974ರ ಜಲ ಕಾಯ್ದೆಯಡಿ ಕೊಟ್ಟ ಸಮ್ಮತಿ ಪತ್ರದ ಪ್ರತಿಯನ್ನೂ ಕೇಳಿ, ಏಕೆಂದರೆ ಹೊರಬಿಡುವ ನೀರಿನ ಷರತ್ತು ಅದರಲ್ಲೂ ಇರುತ್ತದೆ.

ಅನುಮತಿಯನ್ನೇ ಪ್ರಶ್ನಿಸುವುದಾದರೆ ಹೋಗಬೇಕಾದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. ಪರಿಹಾರ ಕೇಳದ ಮೇಲ್ಮನವಿಗೆ ಶುಲ್ಕ 1,000 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅನುಮತಿಯ ಆದೇಶ ತಿಳಿಸಲಾದ ದಿನದಿಂದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ತಡಕ್ಕೆ ಸಕಾರಣವಿದ್ದರೆ ಇನ್ನು 60 ದಿನ ಮನ್ನಿಸಬಹುದು. ಅನುಮತಿ ಸಿಕ್ಕ ಏಳು ದಿನದೊಳಗೆ ಸ್ಥಳೀಯ ಪತ್ರಿಕೆಗಳಲ್ಲಿ ಕಂಪನಿ ಅದರ ಜಾಹೀರಾತು ಕೊಡಬೇಕು, ಪಂಚಾಯಿತಿಗಳು ತಮಗೆ ಬಂದ ಪ್ರತಿಯನ್ನು 30 ದಿನ ಪ್ರದರ್ಶಿಸಬೇಕು. ಆ ಜಾಹೀರಾತನ್ನು ದಿನಾಂಕ ಸಮೇತ ಕತ್ತರಿಸಿ ಇಟ್ಟುಕೊಳ್ಳಿ. 90 ದಿನ ದಾಟಿ ಬಂದ ಮೇಲ್ಮನವಿಯನ್ನು, ಅದರಲ್ಲಿ ಎಷ್ಟೇ ಹುರುಳಿದ್ದರೂ, ವಿಚಾರಣೆಗೆ ತೆಗೆದುಕೊಳ್ಳುವ ಅಧಿಕಾರ ನ್ಯಾಯಮಂಡಳಿಗಿಲ್ಲ.