ಡಿಪ್ಲೊಮಾ ಬಿಟ್ಟು ಪಿಯುಸಿಗೆ: ಹೊರಡುವ ಮೊದಲು ನೋಡಬೇಕಾದ ಲೆಕ್ಕ

ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರಿದ ಹುಡುಗ ಆರು ತಿಂಗಳು ಕಳೆಯುವಷ್ಟರಲ್ಲಿ, “ನನಗಿದು ಬೇಡ, ಕಾಲೇಜಿಗೆ ಹೋಗುತ್ತೇನೆ” ಎನ್ನುತ್ತಾನೆ. ತಂದೆ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯುವವರು. ಮೊದಲ ವರ್ಷದ ಫೀಗಾಗಿ ಸಾಲ ಮಾಡಿದವರು. ಗದರಿಸಬೇಕೋ ಒಪ್ಪಬೇಕೋ ತೋಚದೆ ಬಲ್ಲವರನ್ನು ಕೇಳುತ್ತಾರೆ. ಕೇಳಿದಷ್ಟು ಜನ, ಅಷ್ಟು ಉತ್ತರ. ಆದುದರಿಂದ ಈ ವಿಷಯದಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಊರುಗಳಲ್ಲಿ ಪಿಯುಸಿ ಎನ್ನುವುದನ್ನೇ ಇಲ್ಲಿ ಮುಂಬಯಿ, ಪುಣೆಗಳಲ್ಲಿ ಜೂನಿಯರ್ ಕಾಲೇಜು ಎನ್ನುತ್ತಾರೆ. ಎರಡೂ ಹತ್ತರ ಮೇಲಿನ ಎರಡು ವರ್ಷಗಳೇ. ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಹತ್ತರ ಮೇಲೆ ಮೂರು ವರ್ಷದ್ದು.

ಇವೆರಡರ ನಡುವೆ ಒಂದು ಹಾದಿ ಇದೆ, ಆದರೆ ಅದು ಒಂದೇ ದಿಕ್ಕಿನದು. ವಿಜ್ಞಾನ ವಿಷಯದಲ್ಲಿ ಹನ್ನೆರಡನೆಯದು ಪಾಸಾದವನು, ಅಥವಾ ಹತ್ತರ ಮೇಲೆ ಎರಡು ವರ್ಷದ ಐಟಿಐ ಮುಗಿಸಿದವನು, ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾದ ಮೊದಲ ವರ್ಷ ಓದಿದವನು ಮಾತ್ರ ಹನ್ನೆರಡನೆಯದಕ್ಕೆ ನೇರವಾಗಿ ಹೋಗಲಾರ. ಅವನು ಓದಿದ ಗಣಿತ, ಡ್ರಾಯಿಂಗು, ವರ್ಕ್‌ಶಾಪು ಯಾವುದಕ್ಕೂ ಅಲ್ಲಿ ಲೆಕ್ಕವಿಲ್ಲ. ಹನ್ನೊಂದರ ಬಾಗಿಲಲ್ಲಿ ಅವನು ಹತ್ತನೆಯ ತರಗತಿಯ ಅಂಕಪಟ್ಟಿ ಹಿಡಿದು ಹೊಸಬನಾಗಿಯೇ ನಿಲ್ಲಬೇಕು. ತಮಗಿಂತ ಒಂದು ವರ್ಷ ಕಿರಿಯರ ಜೊತೆ ಕೂರುವುದು ಹದಿನೇಳರ ಹುಡುಗನಿಗೆ ಸುಲಭವಲ್ಲ. ಹಿರಿಯರು ಇದನ್ನು ಹಗುರವಾಗಿ ನೋಡಬಾರದು.

ಈಗ ವರ್ಷಗಳನ್ನು ಕೂಡಿಸಿ ನೋಡಿ. ಪಿಯುಸಿ ಎರಡು, ಎಂಜಿನಿಯರಿಂಗ್ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಆಮೇಲೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶವಾದರೆ ಇನ್ನೂ ಮೂರು, ಒಟ್ಟು ಮತ್ತೆ ಆರು. ಈ ನೇರ ಪ್ರವೇಶಕ್ಕೆ ಡಿಪ್ಲೊಮಾದಲ್ಲಿ ಶೇಕಡಾ 45 ಅಂಕ ಬೇಕು, ಮೀಸಲು ವರ್ಗದವರಿಗೆ 40. ಮಹಾರಾಷ್ಟ್ರದಲ್ಲಿ ಡಿಪ್ಲೊಮಾದ ಅಂಕಗಳ ಮೇಲೆಯೇ ಸೀಟು ಕೊಡುತ್ತಾರೆ. ಕರ್ನಾಟಕದಲ್ಲಿ ಡಿಸಿಇಟಿ ಎಂಬ ಪರೀಕ್ಷೆ ಇದೆ. ನಡುವೆ ಬಿಟ್ಟು ಪಿಯುಸಿಗೆ ಹೋದವನು ಎಂಜಿನಿಯರ್ ಆಗಲು ಏಳು ವರ್ಷ ಬೇಕು. ಎಂಜಿನಿಯರ್ ಆಗಬೇಕೆಂದೇ ಡಿಪ್ಲೊಮಾ ಬಿಡುವುದು, ನಮ್ಮ ಅಭಿಪ್ರಾಯದಲ್ಲಿ, ದಾದರಿಗೆ ಹೋಗಬೇಕಾದವನು ದಾದರಿನ ಗಾಡಿಯಿಂದಲೇ ಇಳಿದಂತೆ. ಆರ್ಕಿಟೆಕ್ಟ್ ಆಗಲೂ ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ನಡೆಯುತ್ತದೆ, ಪ್ರವೇಶ ಪರೀಕ್ಷೆಯೊಂದು ಇರುತ್ತದೆ ಅಷ್ಟೆ.

ಆದರೆ ಡಾಕ್ಟರಾಗಬೇಕೆಂಬವನ ಮಾತು ಬೇರೆ. ನೀಟ್ ಪರೀಕ್ಷೆಗೆ ಹನ್ನೆರಡನೆಯ ಮಟ್ಟದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷು ಓದಿರಬೇಕು. ಡಿಪ್ಲೊಮಾ ಆ ಬಾಗಿಲನ್ನು ತೆರೆಯದು. ಅಂಥವನು ಬಿಡುವುದಾದರೆ ಬೇಗ ಬಿಡುವುದು ಲೇಸು. ಚಾರ್ಟರ್ಡ್ ಅಕೌಂಟೆನ್ಸಿಯ ಫೌಂಡೇಶನ್ ಪರೀಕ್ಷೆಗೂ ಹನ್ನೆರಡು ಆಗಿರಬೇಕು. ಇನ್ನು ನೌಕರಿಯ ಜಾಹೀರಾತುಗಳಲ್ಲಿ “ಹನ್ನೆರಡನೆಯ ತರಗತಿ ಅಥವಾ ತತ್ಸಮಾನ” ಎಂದು ಬರೆದಿರುತ್ತದೆ. ಆ ತತ್ಸಮಾನ ಎಂಬ ಒಂದು ಮಾತಿನಲ್ಲಿ ಎಷ್ಟೋ ಮಂದಿ ಸಿಕ್ಕಿಬಿದ್ದಿದ್ದಾರೆ. ಡಿಪ್ಲೊಮಾವನ್ನು ಒಂದು ಇಲಾಖೆ ಒಪ್ಪಿದರೆ ಇನ್ನೊಂದು ಒಪ್ಪುವುದಿಲ್ಲ. ಅರ್ಜಿಯ ಫೀ ಕಟ್ಟುವ ಮೊದಲು ಅವರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಹುಡುಗ ಬಿಡುವುದೇಕೆ ಎಂಬುದನ್ನೂ ಕೂತು ಕೇಳಬೇಕು. ಎಷ್ಟೋ ಸಲ ನಿಜವಾದ ಕಾರಣ ಇಂಗ್ಲಿಷು. ಹತ್ತರವರೆಗೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಓದಿದವನಿಗೆ ಮೊದಲ ಸೆಮಿಸ್ಟರು ಕಗ್ಗಂಟಾಗುತ್ತದೆ. ಆ ಕಾರಣಕ್ಕೆ ಬಿಟ್ಟು ಹನ್ನೊಂದರ ವಿಜ್ಞಾನಕ್ಕೆ ಸೇರಿದರೆ ಅಲ್ಲಿಯೂ ಅದೇ ಇಂಗ್ಲಿಷು, ಅದೇ ಗಣಿತ. ವಾರಕ್ಕೆರಡು ದಿನ ಪಾಠ ಹೇಳಿಸಿದರೆ ತೀರುವ ತೊಂದರೆಗೆ ವರ್ಷವನ್ನೇ ತೆರಬೇಕಾಗಿಲ್ಲ. ಅವನ ಮನಸ್ಸು ನಿಜವಾಗಿ ಇತಿಹಾಸದಲ್ಲಿಯೋ ವಾಣಿಜ್ಯದಲ್ಲಿಯೋ ಇದ್ದರೆ, ಊರಿನಲ್ಲಿ ಅಜ್ಜಿಯ ಮನೆಯೋ ಸೋದರಮಾವನ ಮನೆಯೋ ಇದ್ದರೆ, ಕರ್ನಾಟಕದ ಪಿಯುಸಿಯಲ್ಲಿ ಆ ವಿಷಯಗಳನ್ನು ಕನ್ನಡದಲ್ಲಿಯೇ ಬರೆಯಬಹುದು.

ಬಿಡದೆಯೂ ಹನ್ನೆರಡನ್ನು ಪಡೆಯುವ ದಾರಿಯೊಂದಿದೆ, ಇದನ್ನು ನಮ್ಮವರು ಅಷ್ಟಾಗಿ ಬಳಸುತ್ತಿಲ್ಲ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಓಎಸ್, ಹನ್ನೆರಡನೆಯ ಮಟ್ಟದ ಪರೀಕ್ಷೆ ನಡೆಸುತ್ತದೆ. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ನಡೆಯುತ್ತದೆ. ಒಂದೊಂದೇ ವಿಷಯ ಮುಗಿಸುತ್ತ ಹೋಗಬಹುದು, ಪಾಸಾದದ್ದು ಕೈಬಿಡುವುದಿಲ್ಲ. ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿದವನಿಗೆ ಇದು ಒಳ್ಳೆಯ ಅನುಕೂಲ. ಎರಡು ವರ್ಷದ ಐಟಿಐ ಮಾಡಿದವರಿಗೂ ಅದರ ಅಂಕಗಳನ್ನು ಇಲ್ಲಿ ಎಣಿಕೆಗೆ ತೆಗೆದುಕೊಳ್ಳುವ ಏರ್ಪಾಡು 2016ರಿಂದ ಇದೆ. ಮಹಾರಾಷ್ಟ್ರ ಬೋರ್ಡಿನಲ್ಲಿ 17ನೆಯ ನಂಬರಿನ ಫಾರ್ಮು ತುಂಬಿ ಖಾಸಗಿಯಾಗಿ ಹನ್ನೆರಡಕ್ಕೆ ಕೂರುವ ಪದ್ಧತಿಯೂ ಉಂಟು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕೋಟೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿಂದಿನ ತಲೆಮಾರಿಗೆ ಇಂಥ ಸೌಕರ್ಯ ಇರಲಿಲ್ಲ.

ಇಷ್ಟೆಲ್ಲ ನೋಡಿಯೂ ಬಿಡುವುದೇ ಸರಿ ಎಂದು ತೀರ್ಮಾನವಾದರೆ ಕಾಗದಪತ್ರಗಳ ಕಡೆ ಗಮನ ಕೊಡಿ. ಮೊದಲು ಬೇಕಾದದ್ದು ಲೀವಿಂಗ್ ಸರ್ಟಿಫಿಕೇಟು. ಅದು ಪಾಲಿಟೆಕ್ನಿಕ್ಕಿನ ಆಫೀಸಿನಲ್ಲಿ ಇರುತ್ತದೆ. ಉಳಿದ ವರ್ಷಗಳ ಫೀ ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದು ಕೆಲವು ಕಡೆ ಹೇಳುವುದುಂಟು. ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಕೂಡದೆಂದು ಎಐಸಿಟಿಇ ಸಂಸ್ಥೆಗಳಿಗೆ ತಿಳಿಸಿದೆ. ಆದುದರಿಂದ ಬಾಯಿಮಾತಿಗೆ ನಿಲ್ಲದೆ ಅರ್ಜಿ ಬರೆದು, ನಕಲಿನ ಮೇಲೆ ತಲುಪಿದ ಸಹಿ, ತಾರೀಕು ಹಾಕಿಸಿಕೊಳ್ಳಿ. ಹನ್ನೊಂದರ ಪ್ರವೇಶ ಮುಂಬಯಿಯಲ್ಲಿ ಆನ್‌ಲೈನಿನಲ್ಲಿಯೇ ಆಗುತ್ತದೆ. 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಅದೇ ಕ್ರಮ. ಹತ್ತರ ಫಲಿತಾಂಶದ ಹೊತ್ತಿಗೆ ಅರ್ಜಿಯ ಕೆಲಸ ಆರಂಭವಾಗುವುದರಿಂದ ಸರ್ಟಿಫಿಕೇಟಿನ ಓಡಾಟ ಅದಕ್ಕೂ ಮುಂಚೆಯೇ ಮುಗಿದಿರಲಿ. ಅರ್ಜಿ ತುಂಬುವಲ್ಲಿ ತೊಡಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬನ್ನಿ. ಬರುವಾಗ ಹತ್ತನೆಯ ತರಗತಿಯ ಅಂಕಪಟ್ಟಿಯ ಎರಡು ನಕಲು ತನ್ನಿ, ಹುಡುಗನನ್ನೂ ಕರೆತನ್ನಿ.